ಸತ್ತವರ ಸಾಕ್ಷಿ

ಮೊನ್ನೆ ಒಂದು ಪತ್ತೇದಾರಿ ಕಾದಂಬರಿ ಓದಿದೆ. ಅದರಲ್ಲಿ ಕೆಲವರ ಮೈಮೇಲೆ ಸತ್ತವರು ಬರ್ತಾರೆ. ಕೊಲೆಯಾದವನೇ ಬಂದು ಕೊಂದವನ ಹೆಸರು ಹೇಳಿಬಿಟ್ಟರೆ ಪೊಲೀಸರಿಗೇನು ಕೆಲಸ, ಅಲ್ವಾ? ಓದ್ತಾ ಓದ್ತಾ ಹೆಮ್ಮಿಗೆ ನೆನಪಾಯಿತು. ಟಿ. ನರಸೀಪುರ ತಾಲ್ಲೂಕು, ತಲಕಾಡಿನ ಹತ್ತಿರ, ಕಾವೇರಿ ಸೀಮೆ. ನಮ್ಮಜ್ಜಿ ಊರು.

ನಾನಾಗ ಐದನೇ ಕ್ಲಾಸು. ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಟ್ಟಿದ್ದರು. ಪಕ್ಕದ ಮನೆಯಲ್ಲೊಬ್ಬ ಅಕ್ಕ, ಆಕೆ ದನಿಯೆತ್ತಿ ಮಾತಾಡಿದ್ದನ್ನೇ ಯಾರೂ ಕೇಳಿರಲಿಲ್ಲ. ಇದ್ದಕ್ಕಿದ್ದಂತೆ ಕೂದಲು ಬಿಚ್ಚಿಕೊಂಡು ತೂಗಾಡೋಕೆ ಶುರು ಮಾಡಿದಳು. ‘ಮಾವ ಬಂದವ್ರೆ’ ಅಂದರು ಹೆಂಗಸರು. ಮಾವ ತೀರಿಕೊಂಡು ವರ್ಷವಾಗಿತ್ತು. ಆಕೆ ಗಂಡನ ಕಡೆ ತಿರುಗಿ, ‘ಯಾಕ್ಲಾ ಮಗ, ಕುಡ್ಕೊಂಡ್ ಬಂದು ನನ್ ಸೊಸೆಗೆ ಹೊಡೀತೀಯಾ?’ ಅಂದಳು. ಆ ಗಂಡಸು ಕೈಮುಗಿದು ನಡುಗ್ತಾ ನಿಂತಿದ್ದ. ಮಾವ ಎಲೆ ಅಡಿಕೆ, ಹೊಗೆಸೊಪ್ಪು ಕೇಳಿದರು, ಕೊಟ್ಟರು, ಹೋದರು. ದೀಪಾವಳಿ ಕಳೆಯೋವರೆಗೂ ಆ ಮನೆಯಲ್ಲಿ ಗಲಾಟೆ ಇರಲಿಲ್ಲವಂತೆ.

ಇಂಜಿನಿಯರಿಂಗ್ ಓದಿದವನು ನಾನು. ಅವತ್ತು ಮಾತಾಡಿದ್ದು ಯಾರು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ನಗೋಕಾಗಲ್ಲ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬಂದದ್ದು 2005ರಲ್ಲಿ. ಅದಕ್ಕೆ ಮುಂಚೆ ಆಕೆಗಿದ್ದವರು ಆ ಮಾವನೊಬ್ಬರೇ.

ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್‌ಗೂ ಈ ನಂಬಿಕೆ ಇತ್ತು. 1922ರಲ್ಲಿ ಜಾದೂಗಾರ ಹೌಡಿನಿಯನ್ನು ಎದುರಿಗೆ ಕೂರಿಸಿಕೊಂಡು, ಅವನ ತೀರಿಹೋದ ತಾಯಿಯ ಮಾತನ್ನು ಡಾಯ್ಲ್ ಅವರ ಹೆಂಡತಿ ಪುಟಗಟ್ಟಲೆ ಬರೆದುಕೊಟ್ಟರು. ಎಲ್ಲಾ ಇಂಗ್ಲಿಷಿನಲ್ಲಿ, ಮೇಲೆ ಶಿಲುಬೆಯ ಗುರುತು. ಹೌಡಿನಿಯ ತಾಯಿ ಯಹೂದಿ, ಇಂಗ್ಲಿಷ್ ಬರ್ತಿರಲಿಲ್ಲ! ಇಬ್ಬರ ಸ್ನೇಹ ಮುರಿದುಬಿತ್ತು. ಪತ್ತೇದಾರಿಕೆ ಮಾಡಿದವನು ನೋಡಿ ಜಾದೂಗಾರ.

ಸತ್ತವರ ಮಾತನ್ನು ನಮ್ಮ ಕೋರ್ಟೂ ಕೇಳುತ್ತೆ. ಮರಣಕಾಲದ ಹೇಳಿಕೆ ಅಂತ. 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು, ಈಗಿನ ಹೊಸ ಕಾಯ್ದೆಯಲ್ಲೂ ಇದೆ. ಆದರೆ ಹೇಳಿದಾಗ ಪ್ರಜ್ಞೆ ಇತ್ತಾ, ಬರೆದುಕೊಂಡವರು ಯಾರು, ಯಾರಾದರೂ ಹೇಳಿಕೊಟ್ಟರಾ ಅಂತ ಜಾಲಾಡ್ತಾರೆ.

ನಾನು ಜಾಲಾಡಲಿಲ್ಲ. ಈ ಕೆಲಸಕ್ಕೆ ಸೇರಿದ ಹೊಸತು. ಕೆರೆಯಲ್ಲಿ ಹೆಣವಾಗಿ ಸಿಕ್ಕ ಹುಡುಗಿಯ ಆತ್ಮದ ಜೊತೆ ಮಾತಾಡ್ತೀನಿ ಅಂದವನೊಬ್ಬನನ್ನು ಲೈವ್‌ನಲ್ಲಿ ಕೂರಿಸಿ, ‘ಯಾರು ಮಾಡಿದ್ದು, ಕೇಳಿ’ ಅಂದವನು ನಾನೇ. ಆತ ಕಣ್ಣು ಮುಚ್ಚಿ, ‘ಮನೆಯ ಗಂಡಸು’ ಅಂದ. ಅಷ್ಟೇ. ವಾರ ಕಳೆದ ಮೇಲೆ ಹುಡುಗಿಯ ಚಿಕ್ಕಪ್ಪ ಫೋನ್ ಮಾಡಿದರು. ‘ಅಂಗಡೀಲಿ ಸಾಮಾನು ಕೊಡ್ತಿಲ್ಲ ಸಾರ್, ಮಕ್ಕಳು ಸ್ಕೂಲಿಗೆ ಹೋಗ್ತಿಲ್ಲ.’ ಕೊನೆಗೆ ಅದು ಕಾಲು ಜಾರಿ ಬಿದ್ದ ಸಾವು ಅಂತ ತನಿಖೆಯಲ್ಲಿ ಗೊತ್ತಾಯಿತು. ಆ ಸುದ್ದಿಗೆ ನಾವು ಕೊಟ್ಟದ್ದು ಹತ್ತು ಸೆಕೆಂಡು.

ಅವರ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ. ನಾನಾಗಿ ಒಂದು ಸಲವೂ ಮಾಡಿಲ್ಲ. ಇವತ್ತು ಕಾರ್ಯಕ್ರಮ ಮುಗಿಸಿ ಮಾಡ್ತೀನಿ.