ಗಾಯದ ಕಾಗದದಲ್ಲಿ ಮೇಲಿನವರ ಹೇಳಿಕೆ

(ಸಯನ್ನಿನಲ್ಲಿ ಹೋಟೆಲ್ ಮತ್ತು ಗಿರಣಿ ಕಾರ್ಮಿಕರ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾವಲಿ ಕಾಯುವುದರೊಳಗೆ ನಿಮಗೆ ಸಿಗುವುದು ಎರಡು ತಾಸಿನ ವಿಶ್ರಾಂತಿ. ಅದನ್ನು ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ಪೀಠಿಕೆ ಬೆಳೆಸುವುದಿಲ್ಲ. ಇವತ್ತು ನಾವು ಹೇಳಬೇಕೆಂದಿರುವುದು ಒಂದು ಕಾಗದದ ವಿಷಯ. ಕೆಲಸದಲ್ಲಿ ಕೈಯೋ ಕಾಲೋ ಕೆಟ್ಟವನು ವೈದ್ಯರ ಮಂಡಳಿಯ ಮುಂದೆ ನಿಲ್ಲುತ್ತಾನಲ್ಲ, ಆಗ ಅವನ ಮೇಲಿನವರು ಬರೆದುಕೊಡಬೇಕಾದ ಹೇಳಿಕೆ.

ಈ ಕಾಗದದ ಬೆಲೆ ನಮಗೆ ತಿಳಿದದ್ದು ಒಬ್ಬ ಸಿಪಾಯಿಯಿಂದ. ಬೆಳಗಾವಿ ಕಡೆಯವರು, ಮರಾಠಾ ಲಘು ಪದಾತಿ ದಳದಲ್ಲಿದ್ದು ನಿವೃತ್ತರಾಗಿ ಇಲ್ಲೇ ಸಯನ್ನಿನ ಒಂದು ಕಟ್ಟಡದಲ್ಲಿ ರಾತ್ರಿ ಕಾವಲು ಕಾಯುತ್ತಾರೆ. ಬೆಳಗಿನ ಜಾವ ಚಹಾಕ್ಕೆ ಬಂದವರು ಒಂದು ದಿನ ತಮ್ಮನ ಕಡತವನ್ನು ಬಗಲಲ್ಲಿ ಹಿಡಿದು ಬಂದರು. ತಮ್ಮನೂ ಸೈನ್ಯದವನೇ, ಮೊಣಕಾಲು ಕೆಟ್ಟು ಮನೆಗೆ ಕಳಿಸುವ ಮಾತು ನಡೆದಿತ್ತು. “ಅಣ್ಣಾ, ಡಾಕ್ಟರು ಕಾಲು ನೋಡಿದ್ದಾರೆ. ಆದರೆ ನಮ್ಮ ಭವಿಷ್ಯ ಇರುವುದು ಈ ಹಾಳೆಯಲ್ಲಿ” ಎಂದು ಒಂದು ಪುಟ ತೋರಿಸಿದರು. ಅದು ದಳದ ಕಮಾಂಡಿಂಗ್ ಆಫೀಸರರ ಹೇಳಿಕೆ. ಗಾಯ ಎಲ್ಲಿ ಆಯಿತು, ಯಾವಾಗ ಆಯಿತು, ಆಗ ಜವಾನ ಕರ್ತವ್ಯದಲ್ಲಿದ್ದನೇ, ನೋಡಿದವರು ಯಾರು, ಅವನಿಗೆ ವಹಿಸಿದ್ದ ಕೆಲಸದ ಭಾರ ಎಂಥದು, ಇವೆಲ್ಲ ಅದರಲ್ಲಿ ಬರಬೇಕು. ಮನಸ್ಸಿನ ಕಾಯಿಲೆಯಾದರೆ ಅಧಿಕಾರಿಯಿಂದ ಬೇರೆಯೇ ಒಂದು ವರದಿ ಕೇಳುತ್ತಾರಂತೆ: ದಳದಲ್ಲಿ ಅವನ ನಡತೆ ಹೇಗಿತ್ತು, ಕೆಲಸ ಹೇಗೆ ಮಾಡುತ್ತಿದ್ದ, ಯಾವಾಗಿನಿಂದ ಬದಲಾದ ಎಂದು. ವೈದ್ಯನಿಗೆ ಕಾಣುವುದು ಮುರಿದ ಎಲುಬು. ಆ ಎಲುಬು ಸರಕಾರದ ಕೆಲಸದಲ್ಲಿ ಮುರಿಯಿತೋ, ರಜೆಯಲ್ಲಿ ಊರಿಗೆ ಹೋಗಿ ಮರ ಹತ್ತಿ ಮುರಿಯಿತೋ, ಅದನ್ನು ಎಕ್ಸ್‌ರೇ ಹೇಳುವುದಿಲ್ಲ. ನೋಡಿದವನೇ ಹೇಳಬೇಕು.

ಸೈನ್ಯದಲ್ಲಿ ನೂರಕ್ಕೆ 20 ಎಂಬ ಅಂಕಿ ದೊಡ್ಡ ಗೆರೆ. ವೈಕಲ್ಯದ ಪಿಂಚಣಿಯ ಮಾತು ಆ ಗೆರೆಯ ಸುತ್ತಲೇ ತಿರುಗುತ್ತದೆ. ಧರಮ್‌ವೀರ್ ಸಿಂಗ್ ಎಂಬವರು 1985ರಲ್ಲಿ ಸಿಗ್ನಲ್ ದಳಕ್ಕೆ ಸೇರಿ, ಒಂಬತ್ತು ವರ್ಷ ದುಡಿದು, ಮೂರ್ಛೆರೋಗ ಬಂದು 1994ರಲ್ಲಿ ಹೊರಗೆ ಬಂದರು. ಮಂಡಳಿ 20 ಎಂದು ಬರೆಯಿತು. ಆದರೆ ಈ ರೋಗಕ್ಕೂ ಸೇವೆಗೂ ಸಂಬಂಧವಿಲ್ಲ ಎಂದೂ ಬರೆಯಿತು. ಪಿಂಚಣಿ ನಿಂತಿತು. 2013ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಸೇರಿಸಿಕೊಳ್ಳುವಾಗ ಆಳು ಗಟ್ಟಿ ಎಂದು ಒಪ್ಪಿದಿರಿ, ರೋಗದ ಗುರುತು ಬರೆಯಲಿಲ್ಲ. ಹಾಗಾದರೆ ಆಮೇಲೆ ಬಂದದ್ದು ಸೇವೆಯಿಂದ ಬಂದದ್ದೆಂದೇ ತಿಳಿಯಬೇಕು, ಅಲ್ಲವೆನ್ನುವವರು ಕಾರಣ ಬರೆಯಬೇಕು ಎಂಬುದು ಅದರ ತಾತ್ಪರ್ಯ. ಹತ್ತೊಂಬತ್ತು ವರ್ಷ ಹಿಡಿಯಿತು ನೋಡಿ.

ಇದು ಸಿಪಾಯಿಯ ಕಥೆ, ನಮಗೇನು ಎಂದು ನೀವು ಕೇಳಬಹುದು. ಸೈನ್ಯದಲ್ಲಿ ಕ್ಯಾಪ್ಟನ್ ಇದ್ದಾನೆ; ನಮ್ಮ ಹೋಟೆಲಿನಲ್ಲೂ ಒಬ್ಬ ಕ್ಯಾಪ್ಟನ್ ಇದ್ದಾನೆ. ಅವನ ಕೈಯಲ್ಲಿ ಬಂದೂಕಿಲ್ಲ, ಬಿಲ್ಲಿನ ಪುಸ್ತಕವಿದೆ, ಅಷ್ಟೇ ವ್ಯತ್ಯಾಸ. ಅಡಿಗೆಮನೆಯಲ್ಲಿ ಭಟ್ಟರು, ಗಲ್ಲೆಯಲ್ಲಿ ಮ್ಯಾನೇಜರರು. ಗಿರಣಿಯಲ್ಲಿ ಜಾಬರ್, ಮುಕದ್ದಂ. ನಮ್ಮ ಕೆಲಸವನ್ನು ದಿನವೂ ಕಣ್ಣಾರೆ ಕಾಣುವವರು ಇವರು. ಇವರ ನಾಲ್ಕು ಸಾಲು ನಮ್ಮ ಕಡತದಲ್ಲಿ ಇರಬೇಕು.

ಇರದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಎಡಗೈಯೇ ಹೇಳುತ್ತದೆ. ಆಗ ನಮಗೆ ಇಪ್ಪತ್ತೆರಡು ವರ್ಷ, ಓದಿದ್ದು ಏಳನೆಯ ತರಗತಿ. ವಡೆ ಕರಿಯುವ ಬಾಣಲೆಯನ್ನು ಇಬ್ಬರು ಇಳಿಸುವಾಗ ಒಂದು ಕಿವಿಗೆ ಸುತ್ತಿದ್ದ ಬಟ್ಟೆ ಜಾರಿತು. ಎಣ್ಣೆ ಮುಂಗೈಯಿಂದ ಮೊಣಕೈವರೆಗೆ ಹರಿಯಿತು. ಆಸ್ಪತ್ರೆಗೆ ನಮ್ಮನ್ನು ಕರೆದುಕೊಂಡು ಹೋದವರು ಆ ಹೋಟೆಲಿನ ಮ್ಯಾನೇಜರರು. ಕೇಸ್ ಪೇಪರಿನಲ್ಲಿ ‘ಹೇಗಾಯಿತು’ ಎಂಬ ಕಡೆಗೆ ಅವರು ಹೇಳಿಸಿದ್ದು ‘ಕೋಣೆಯಲ್ಲಿ ಸ್ಟವ್ ಹಚ್ಚುವಾಗ’ ಎಂದು. ನೋವಿನಲ್ಲಿ ನಮಗೆ ಅದು ಕೇಳಿಸಿತು; ಕೇಳಿಸಿಯೂ ಸುಮ್ಮನಿದ್ದೆವು. ಧಣಿಗಳು ಔಷಧದ ಖರ್ಚು ನೋಡಿಕೊಳ್ಳುತ್ತಾರೆ, ಕೆಲಸ ಉಳಿಯುತ್ತದೆ ಎಂದುಕೊಂಡೆವು. ಔಷಧಕ್ಕೆ ಒಂದು ತಿಂಗಳು ಕೊಟ್ಟರು. ಬೆರಳುಗಳು ಮಡಚದೆ ಹೋದಾಗ ಕೆಲಸವನ್ನೂ ತೆಗೆದರು. ಆಮೇಲೆ ಎಲ್ಲಿಗೆ ಹೋದರೂ ಆ ಒಂದು ಸಾಲು ನಮಗಿಂತ ಮೊದಲೇ ಅಲ್ಲಿ ಕೂತಿರುತ್ತಿತ್ತು. ಸುಟ್ಟ ಕೈಗಿಂತ ಆ ಸಾಲು ಹೆಚ್ಚು ಉರಿಸಿದೆ.

ಆದಕಾರಣ ಮೊದಲ ಮಾತು, ಮೊದಲ ದಿನದ ಮಾತು. ಸಯನ್ ಆಸ್ಪತ್ರೆಯಾಗಲಿ, ಇನ್ನಾವ ಆಸ್ಪತ್ರೆಯಾಗಲಿ, ಹೇಗಾಯಿತು ಎಂದು ಕೇಳಿದಾಗ ಕೆಲಸದ ಜಾಗ, ಕೆಲಸದ ಹೆಸರು, ಹೊತ್ತು, ಮೂರನ್ನೂ ಹೇಳಿ. ಪ್ರಜ್ಞೆಯಿಲ್ಲದಿದ್ದರೆ ಜೊತೆಗಿರುವ ಗೆಳೆಯ ಹೇಳಲಿ. ಹೋಟೆಲಿನಲ್ಲಿ ಅಪಘಾತದ ಪುಸ್ತಕ ಇರಬೇಕು, ಅದರಲ್ಲಿ ಬರೆಸಿ. ಬರೆಯಲು ಬಾರದವನು ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಆದರೆ ಸಾಕ್ಷಿ ಬೇಕು. ವಿಮೆಗೆ ಸೇರಿದ ಅಂಗಡಿಯ ಧಣಿ ಅಪಘಾತದ ವರದಿಯನ್ನು ಇ.ಎಸ್.ಐ. ಕಚೇರಿಗೆ ಕಳಿಸಲೇಬೇಕು, ಅಂಗ ಹೋಗುವಂಥ ಗಾಯವಾದರೆ ಕೂಡಲೇ ಕಳಿಸಬೇಕು.

ಈ ವಿಮೆಯ ಕಾನೂನು 1948ರದು. 1952ರಲ್ಲಿ ಕಾನಪುರ ದಿಲ್ಲಿಗಳಲ್ಲಿ ಆರಂಭವಾಗಿ 1954ರಲ್ಲಿ ಮುಂಬಯಿಗೆ ಬಂತು. ಮೊದಲು ಗಿರಣಿ ಕಾರಖಾನೆಗಳಿಗಿದ್ದದ್ದು ಕಾಲಕ್ರಮದಲ್ಲಿ ಹೋಟೆಲುಗಳಿಗೂ ಹಬ್ಬಿತು. ಅದಕ್ಕೂ ಹಿಂದಿನದು 1923ರ ನಷ್ಟಪರಿಹಾರದ ಕಾನೂನು. ಇವೆರಡೂ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಎಂಬ ಒಂದೇ ಕಾನೂನಿನೊಳಗೆ ಸೇರಿಹೋಗಿವೆ. ಹೆಸರು ಬದಲಾಯಿತೆಂದು ಗಾಬರಿಯಾಗಬೇಡಿ, ಬೆರಳುಗಳ ಪಟ್ಟಿ ಹಾಗೆಯೇ ಮುಂದುವರಿದಿದೆ. ಹೆಬ್ಬೆರಳು ಹೋದರೆ ನೂರಕ್ಕೆ 30. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳು 12. ಒಂದು ಕೈಯ ಎರಡು ಬೆರಳಿಗೆ 20, ಮೂರಕ್ಕೆ 30, ನಾಲ್ಕಕ್ಕೆ 50. ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ 40. ಮನುಷ್ಯನ ಮೈಯನ್ನು ಹೀಗೆ ಕಟ್ಟುಕಟ್ಟಾಗಿ ಬೆಲೆ ಕಟ್ಟಿದ್ದನ್ನು ಓದಿದಾಗ ಮಾರ್ಕೆಟ್ಟಿನ ನೆನಪಾಗುತ್ತದೆ. ಆದರೂ ಪಟ್ಟಿ ಇರುವುದು ಒಳ್ಳೆಯದೇ, ಇಲ್ಲದಿದ್ದರೆ ಅದೂ ಇಲ್ಲ.

ತೊಡಕಿರುವುದು ಪಟ್ಟಿಯಲ್ಲಿ ಇಲ್ಲದ ಗಾಯದಲ್ಲಿ. ಬೆರಳು ತುಂಡಾಗಿಲ್ಲ, ಮಡಚುವುದಿಲ್ಲ. ಬೆನ್ನು ಮುರಿದಿಲ್ಲ, ಬಗ್ಗುವುದಿಲ್ಲ. ಆಗ ಗಳಿಸುವ ಶಕ್ತಿ ಎಷ್ಟು ಹೋಯಿತು ಎಂದು ಮಂಡಳಿ ಅಂದಾಜು ಮಾಡಬೇಕು. ವೈದ್ಯರು ಕೆಲವು ನಿಮಿಷ ನೋಡುತ್ತಾರೆ. ಮುಷ್ಟಿ ಕಟ್ಟು, ಬಿಡು ಎನ್ನುತ್ತಾರೆ. ಸಾಂಬಾರಿನ ಪಾತ್ರೆ ಎಷ್ಟು ಭಾರ, ಅದನ್ನು ದಿನಕ್ಕೆ ಎಷ್ಟು ಸಲ ಇಳಿಸಬೇಕು ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ಕಳೆದ ಮಳೆಗಾಲದ ನಂತರ ಒಬ್ಬ ಹುಡುಗನ ಕೇಸು ನಮ್ಮಲ್ಲಿಗೆ ಬಂತು. ಕುಂದಾಪುರದ ಕಡೆಯವನು, ದೋಸೆ ಕಾವಲಿಯ ಕೆಲಸ. ಹಿಟ್ಟಿನ ಗ್ರೈಂಡರು ತೊಳೆಯುವಾಗ ಬಲಗೈ ಸಿಕ್ಕಿ ಎರಡು ಬೆರಳು ಜಜ್ಜಿದ್ದವು. ಬೆರಳು ಉಳಿದವು, ಹಿಡಿತ ಉಳಿಯಲಿಲ್ಲ. ಅವರ ಭಟ್ಟರ ಹತ್ತಿರ ಹೋಗಿ ಒಂದು ಹೇಳಿಕೆ ಕೊಡಿ ಎಂದೆವು. ಪಾಪ, ಒಳ್ಳೆಯ ಮನುಷ್ಯ, ಕೂಡಲೇ ಬರೆಸಿಕೊಟ್ಟರು. ಹುಡುಗ ತುಂಬಾ ನಂಬಿಗಸ್ತ, ಕುಡಿತವಿಲ್ಲ, ತಾಯಿಗೆ ಒಬ್ಬನೇ ಮಗ, ದೊಡ್ಡವರು ದಯೆ ತೋರಬೇಕು ಎಂದು. ನಾವು ಅದನ್ನು ಮಡಚಿ ಕಿಸೆಯಲ್ಲಿಟ್ಟು, “ಭಟ್ರೇ, ಇದು ಮದುವೆ ಮಾತುಕತೆಗೆ ಆದೀತು, ಮಂಡಳಿಗೆ ಆಗದು” ಎಂದೆವು. ಅವರಿಗೆ ಸ್ವಲ್ಪ ಬೇಸರವಾಯಿತು. ಮತ್ತೆ ಕೂತು ಒಂದೊಂದಾಗಿ ಕೇಳಿದೆವು.

ಗಾಯಕ್ಕೆ ಮೊದಲು ಹುಡುಗ ಏನು ಮಾಡುತ್ತಿದ್ದ? ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಒಂಟಿಯಾಗಿ ಕಾವಲಿ ನೋಡುತ್ತಿದ್ದ. ಹಿಟ್ಟಿನ ಡಬ್ಬಿಯನ್ನು ತಾನೇ ಎತ್ತಿ ತರುತ್ತಿದ್ದ. ಮರಳಿ ಬಂದ ಮೇಲೆ? ಮೊದಲ ವಾರ ಕಾವಲಿಗೇ ನಿಲ್ಲಿಸಿದೆವು. ಸಟ್ಟುಗ ಕೈಯಿಂದ ಬಿದ್ದುಹೋಗುತ್ತಿತ್ತು. ಎರಡು ಸಲ ಬಿಸಿ ಕಾವಲಿಗೆ ಕೈ ತಾಗಿತು, ಬೆರಳಿಗೆ ಬಿಸಿ ಗೊತ್ತಾಗಲಿಲ್ಲ. ಆಮೇಲೆ? ತರಕಾರಿ ಹೆಚ್ಚಲು ಕೂರಿಸಿದೆವು. ಈರುಳ್ಳಿ ಹಿಡಿಯಲು ಆಗದು. ಈಗ? ಟೇಬಲಿಗೆ ನೀರು ಇಡುತ್ತಾನೆ. ಪಗಾರ? ಅದು ಕಡಿಮೆಯಾಗಿದೆ, ನೀರು ಇಡುವವನಿಗೆ ಕಾವಲಿಯ ಪಗಾರ ಯಾರು ಕೊಡುತ್ತಾರೆ?

“ಇದನ್ನೇ ಬರೆಯಿರಿ, ತಾರೀಖು ಹಾಕಿ ಬರೆಯಿರಿ” ಎಂದೆವು. “ಇಷ್ಟೇ ಸಾಕೇ?” ಎಂದರು. ಸಾಕು. ರೋಗದ ಹೆಸರು ಭಟ್ಟರು ಬರೆಯಬೇಕಾಗಿಲ್ಲ. ನರ ಸತ್ತಿದೆ ಎಂದು ಹೇಳುವುದು ವೈದ್ಯರ ಕೆಲಸ. ಸಟ್ಟುಗ ಬಿತ್ತು ಎನ್ನುವುದು ಭಟ್ಟರ ಕೆಲಸ. ನೂರಕ್ಕೆ ಇಷ್ಟು ಕೊಡಿ ಎಂದೂ ಬರೆಯಬಾರದು. ಇನ್ನೊಂದು, ಹೆಚ್ಚು ಮಾಡಿ ಬರೆಯಬಾರದು. ಭಟ್ಟರಿಗೆ ಪ್ರೀತಿ ಉಕ್ಕಿ ‘ಅವನಿಗೆ ಕೈ ಎತ್ತಲೂ ಆಗದು’ ಎಂದು ಸೇರಿಸಲು ಹೊರಟರು; ತಡೆದೆವು. ಹುಡುಗ ಮಂಡಳಿಯ ಮುಂದೆ ಅದೇ ಕೈಯಿಂದ ಬಾಗಿಲು ದೂಡಿಕೊಂಡು ಹೋಗುತ್ತಾನೆ. ಒಂದು ಸುಳ್ಳಿನ ಜೊತೆಗೆ ಹತ್ತು ನಿಜ ಮುಳುಗಿಹೋಗುತ್ತದೆ.

ಹೇಳಿಕೆ ಕೊಡುವವನಿಗೂ ಭಯವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಕ್ಯಾಪ್ಟನ್ನೂ ಪಗಾರದವನೇ, ಧಣಿಗಳು ಸಿಟ್ಟಾದರೆ ಅವನೂ ಬೀದಿಗೆ. ಇಲ್ಲಿ ಒಂದು ವಿಷಯವನ್ನು ಧಣಿಗಳಿಗೇ ಹೋಗಿ ಹೇಳಿ. ವಿಮೆಯಲ್ಲಿದ್ದ ಹೋಟೆಲಿನಲ್ಲಿ ಗಾಯದ ಹಣವನ್ನು ಕೊಡುವುದು ವಿಮಾ ನಿಗಮ, ಧಣಿಯ ಗಲ್ಲೆಯಲ್ಲ. ನಿಜ ಬರೆದರೆ ಅವರಿಗೆ ಒಂದು ಕಾಸೂ ನಷ್ಟವಿಲ್ಲ. ಇದನ್ನು ತಿಳಿಸಿದ ಮೇಲೆ ಮುಖ ಸಡಿಲವಾದ ಧಣಿಗಳನ್ನು ನಾವು ನೋಡಿದ್ದೇವೆ. ಮುಖ ಇನ್ನೂ ಬಿಗಿಯಾದರೆ ಕಾರಣ ಬೇರೆ: ಹತ್ತಕ್ಕಿಂತ ಹೆಚ್ಚು ಆಳುಗಳಿದ್ದೂ ಅರ್ಧದಷ್ಟು ಹೆಸರನ್ನು ಪುಸ್ತಕದಲ್ಲಿ ತೋರಿಸಿಲ್ಲ. ಅಂಥ ಕಡೆ ಕಂತು ಕಟ್ಟಿಲ್ಲವೆಂದು ಕೆಲಸಗಾರನ ಹಕ್ಕು ಸಾಯುವುದಿಲ್ಲ. ಗಾಯದ ಹಣಕ್ಕೆ ಇಷ್ಟು ತಿಂಗಳು ದುಡಿದಿರಬೇಕೆಂಬ ನಿಯಮವೂ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದ ಗಾಯವೂ ಗಾಯವೇ. ಹತ್ತಕ್ಕಿಂತ ಕಡಿಮೆ ಜನರ ಸಣ್ಣ ಹೋಟೆಲಾದರೆ ಪರಿಹಾರ ಧಣಿಯೇ ಕೊಡಬೇಕಾಗುತ್ತದೆ, ಅಲ್ಲಿ ಹೇಳಿಕೆ ಪಡೆಯುವುದು ಕಷ್ಟ. ಅಂಥ ಕಡೆ ಜೊತೆಯ ಕೆಲಸಗಾರರಿಬ್ಬರು ಬರೆದುಕೊಡಲಿ.

‘ಅಜಾಗರೂಕತೆಯಿಂದ ಆಯಿತು’ ಎಂದು ಮೇಲಿನವರು ಬರೆದರೆಂದು ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಅದು ತಪ್ಪು. ಕೆಲಸದ ಹೊತ್ತಿನಲ್ಲಿ ಆದ ಅಪಘಾತ ಕೆಲಸದಿಂದಲೇ ಆಯಿತೆಂದು ವಿಮೆಯ ಕಾನೂನು ಮೊದಲು ತಿಳಿಯುತ್ತದೆ. ಅಲ್ಲವೆನ್ನುವವರು ಪುರಾವೆ ತರಬೇಕು. ಸಿಪಾಯಿಗೆ 2013ರಲ್ಲಿ ಕೋರ್ಟು ಹೇಳಿದ ಮಾತಿನ ನೆಂಟನೇ ಇದು. ರಾತ್ರಿ ಒಂದು ಗಂಟೆಗೆ ಹೋಟೆಲು ಮುಚ್ಚಿ ಕೋಣೆಗೆ ಹೋಗುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಆ ದಾರಿಗೂ ಸಂಬಂಧ ತೋರಿಸಿದರೆ, 2010ರಿಂದ ಲೆಕ್ಕಕ್ಕೆ ಬರುತ್ತದೆ. ಎಷ್ಟು ಗಂಟೆಗೆ ಬಿಟ್ಟ ಎಂಬ ಕ್ಯಾಪ್ಟನ್ನನ ಒಂದು ಸಾಲು ಅಲ್ಲಿಯೂ ಬೇಕು.

ಹಣದ ಲೆಕ್ಕ ಸ್ವಲ್ಪ ಹೇಳುತ್ತೇವೆ. ದಿನದ ಸರಾಸರಿ ಪಗಾರ 600 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ನೂರಕ್ಕೆ 90, ಅಂದರೆ 540. ಮಂಡಳಿ 10 ಎಂದರೆ ದಿನಕ್ಕೆ 54 ರೂಪಾಯಿ, 20 ಎಂದರೆ 108. ಜೀವವಿರುವವರೆಗೆ. ಭಟ್ಟರ ಆ ನಾಲ್ಕು ಸಾಲಿನಿಂದ ಮಂಡಳಿಯ ಅಂದಾಜು ಹತ್ತರಿಂದ ಹದಿನೈದಕ್ಕೆ ಏರಿದರೆ, ಇಪ್ಪತ್ತೈದರ ಹುಡುಗನಿಗೆ ಎಷ್ಟಾಯಿತೆಂದು ನೀವೇ ಗುಣಿಸಿ ನೋಡಿ. ಕಾವಲಿಯ ಹುಡುಗನಿಗೆ ಮಂಡಳಿ ಇನ್ನೂ ದಿನ ಕೊಟ್ಟಿಲ್ಲ. ಫಲ ಏನಾಯಿತೆಂದು ಬಂದ ಮೇಲೆ ಹೇಳುತ್ತೇವೆ.

ಗಿರಣಿಯ ಹಿರಿಯರು ಇಲ್ಲಿ ಕೂತಿದ್ದಾರೆ. ಹತ್ತಿಯ ಧೂಳಿನಿಂದ ಎದೆ ಕಟ್ಟುವ ರೋಗ, ರಜೆ ಮುಗಿಸಿ ಸೋಮವಾರ ಖಾತೆಗೆ ಕಾಲಿಟ್ಟ ಕೂಡಲೇ ಉಸಿರು ಬಿಗಿಯುತ್ತಿದ್ದದ್ದು, ಅವರಿಗೆ ನಾವು ಹೇಳಬೇಕಾಗಿಲ್ಲ. ಅದೂ ಕಾನೂನಿನ ಪಟ್ಟಿಯಲ್ಲಿರುವ ಕೆಲಸದ ರೋಗವೇ. ಆದರೆ ಎಷ್ಟು ವರ್ಷ ಯಾವ ಖಾತೆಯಲ್ಲಿ ದುಡಿದ ಎಂದು ಜಾಬರ್ ಬರೆದುಕೊಡಬೇಕಿತ್ತು. ಹೆಚ್ಚಿನವರು ಬೀಡಿಯ ಕೆಮ್ಮು ಎಂದುಕೊಂಡು ಸುಮ್ಮನಿದ್ದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಜಾಬರ್ ಊರಿಗೆ ಹೋದ, ಹಾಜರಿ ಪುಸ್ತಕ ಎಲ್ಲಿ ಹೋಯಿತೋ. ಮೊನ್ನೆ ಒಬ್ಬ ಹಿರಿಯರು ಕೇಳಿದರು, “ಈಗ ಬರೆಸಬಹುದೇ ಮಗಾ?” ಎಂದು. ಯಾರಿಂದ ಬರೆಸುವುದು, ಅಜ್ಜಾ? ನಮಗೆ ಉತ್ತರ ಬರಲಿಲ್ಲ. ಹೋಟೆಲೂ ಕೈ ಬದಲಾಗುತ್ತದೆ, ಭಟ್ಟರು ಬೇರೆ ಕಡೆ ಹೋಗುತ್ತಾರೆ. ನೋಡಿದವನು ಎದುರಿಗಿರುವಾಗಲೇ ಬರೆಸಿಕೊಳ್ಳಿ. ತಾತ್ಕಾಲಿಕ ರಜೆ ಮುಗಿದ ಮೇಲೆ ಮಂಡಳಿಗೆ ಅರ್ಜಿ ಹಾಕಲು ಒಂದು ವರ್ಷದ ಗಡುವಿದೆ; ಊರಿಗೆ ಹೋಗಿ ಕೂತರೆ ಅದು ಎರಡು ದೀಪಾವಳಿಯೊಳಗೆ ಕಳೆದುಹೋಗುತ್ತದೆ.

ಮುಂದಿನ ರವಿವಾರ ಇದೇ ಹೊತ್ತಿಗೆ ನಾವು ಇಲ್ಲೇ ಇರುತ್ತೇವೆ. ಗಾಯವಾದವರು ವಿಮೆಯ ಚೀಟಿ, ಪಗಾರದ ಚೀಟಿ, ಆಸ್ಪತ್ರೆಯ ಮೊದಲ ದಿನದ ಕಾಗದ ತನ್ನಿ. ಸಾಧ್ಯವಾದರೆ ನಿಮ್ಮ ಭಟ್ಟರನ್ನೋ ಕ್ಯಾಪ್ಟನ್ನನನ್ನೋ ಜೊತೆಗೆ ಕರೆತನ್ನಿ. ಹೆದರುವವರಿದ್ದರೆ ನಾವೇ ಅವರ ಕೋಣೆಗೆ ಬರುತ್ತೇವೆ, ರಾತ್ರಿ ಹೋಟೆಲು ಮುಚ್ಚಿದ ಮೇಲೆಯೇ ಆಗಲಿ. ಬರೆಯಲು ಪೆನ್ನು ಹಾಳೆ ನಮ್ಮಲ್ಲಿವೆ.