ಊಟ ಕಡಿಮೆ ಮಾಡಿದರೆ ಸಾಕೇ?



ನಾನು ವೈದ್ಯೆಯಲ್ಲ, ಎಂ.ಟೆಕ್. ಓದಿ ಐಟಿ ಕಂಪೆನಿಯಲ್ಲಿ ದುಡಿಯುವವಳು. ಈ ವಿಷಯ ನನಗೆ ಮನೆಯಿಂದಲೇ ಬಂತು.

ಎರಡು ವರ್ಷದ ಹಿಂದೆ, 62ರ ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ತಿಳಿಯಿತು. ಅವರು ರಾತ್ರಿ ಊಟ ಬಿಟ್ಟರು. ಏಕಾದಶಿಯ ಜೊತೆಗೆ ಸೋಮವಾರ, ಶನಿವಾರವೂ ಉಪವಾಸ. ಆರು ತಿಂಗಳಲ್ಲಿ ಆರು ಕಿಲೋ ಇಳಿದರು. ನಾವೆಲ್ಲ ಹೊಗಳಿದೆವು. ಒಂದು ದಿನ ಕಳವಾ ಸ್ಟೇಷನ್ನಿನ ಸೇತುವೆ ಹತ್ತುವಾಗ ಅರ್ಧದಲ್ಲೇ ಕುಳಿತರು. "ಕಾಲಲ್ಲಿ ಬಲವೇ ಇಲ್ಲ ಮಗಾ" ಎಂದರು. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿತ್ತು.

ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯನ್ನು ಇನ್ಸುಲಿನ್ ಎಂಬ ಹಾರ್ಮೋನು ಜೀವಕೋಶಗಳಿಗೆ ಸೇರಿಸುತ್ತದೆ. ಅದರ ದೊಡ್ಡ ಪಾಲನ್ನು ಪಡೆಯುವುದು ನಮ್ಮ ಸ್ನಾಯುಗಳೇ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಹೊಟ್ಟೆಯ ಕೊಬ್ಬು ಹೆಚ್ಚುತ್ತದೆ. ಆಗ ಇನ್ಸುಲಿನ್ ಇದ್ದರೂ ಅದರ ಕೆಲಸ ಸರಿಯಾಗಿ ಸಾಗುವುದಿಲ್ಲ. ತೆಳ್ಳಗಿದ್ದೇವೆಂದು ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ತಮ್ಮನ್ನೇ ಬ್ರಿಟನ್ನಿನ ಸಹೋದ್ಯೋಗಿಯ ಜೊತೆ ಹೋಲಿಸಿ ತೋರಿಸಿದರು: ಇಬ್ಬರ ಬಿಎಂಐ ಒಂದೇ, 22.3, ಕೊಬ್ಬು ಮಾತ್ರ ಅವರಿಗೆ ಶೇ. 9.1, ಇವರಿಗೆ ಶೇ. 21.2!

ಮಿತಾಹಾರ ಬೇಡವೆಂದಲ್ಲ. ಅಮೆರಿಕದ 'ಕ್ಯಾಲರಿ' ಎಂಬ ಪ್ರಯೋಗದಲ್ಲಿ ಸುಮಾರು 140 ಜನ ಎರಡು ವರ್ಷ ಸರಾಸರಿ ಶೇ. 12ರಷ್ಟು ಕಡಿಮೆ ಉಂಡಾಗ ಇನ್ಸುಲಿನ್ ಕೆಲಸ ಸುಧಾರಿಸಿತು, ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನು ಇಳಿಯಿತು. ಆದರೆ ಅವರು 50 ದಾಟದ ಆರೋಗ್ಯವಂತರು. ನಮ್ಮ ಅಮ್ಮಂದಿರ ಲೆಕ್ಕ ಬೇರೆ. ಅವರಿಗೆ ವ್ಯಾಯಾಮ ಬೇಕೇ ಬೇಕು. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಡಾಕ್ಟರರನ್ನು ಕೇಳಿ ಅಮ್ಮನ ಕ್ರಮ ಬದಲಿಸಿದೆವು. ಅನ್ನ ಒಂದು ಸೌಟು ಕಡಿಮೆ. ಹೆಸರುಕಾಳು, ಮೊಸರು ಹೆಚ್ಚು. ಊಟವಾದ ಮೇಲೆ ಹದಿನೈದು ನಿಮಿಷ ನಡಿಗೆ. ವಾರಕ್ಕೆ ಮೂರು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು. ಸಕ್ಕರೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರರನ್ನು ಕೇಳದೆ ಉಪವಾಸ ಮಾಡಬೇಡಿ. ಸಕ್ಕರೆ ತೀರಾ ಇಳಿದರೆ ಪ್ರಾಣಕ್ಕೇ ಅಪಾಯ.

ಈಗ ಅಮ್ಮ ಆ ಸೇತುವೆಯನ್ನು ನಿಲ್ಲದೆ ಹತ್ತುತ್ತಾರೆ. ಮೊನ್ನೆ ಮೇಲೆ ನಿಂತು, ಏದುಸಿರು ಬಿಡುತ್ತಿದ್ದ ನನ್ನನ್ನು ಕೇಳಿದರು: "ದಿನವಿಡೀ ಕುರ್ಚಿಯಲ್ಲಿರುವ ನಿನ್ನ ಗತಿ ಏನು?" ನಾಳೆಯಿಂದ ನಾನೂ ಅವರ ಜೊತೆ ನಡೆಯುತ್ತೇನೆ. ನೀವೂ ಬನ್ನಿ.