ಸಂತೆಗೆ ಹೋದ ಮುದುಕಿ ಮತ್ತು ನಮ್ಮ ಮೊಬೈಲು

(ಸೈದಾಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಇವತ್ತು ಒಂದು ಹಾಡಿನ ಬಗ್ಗೆ ಮಾತಾಡೋಣ. ಹಾಡಿಗೂ ಸಂಘಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಅದ, ಸ್ವಲ್ಪ ತಾಳ್ರಿ.

ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಇಂದಿನ ಹಾವೇರಿ ಜಿಲ್ಲೆ ಅವರ ಸೀಮೆ. ಸಂತೆಗೆ ಹೋದ ಮುದುಕಿಯೊಬ್ಬಳನ್ನು ಎಚ್ಚರಿಸುವ ಪದ ಅವರದೇ. ಅದು ಹುಲಗೂರಿನ ಸಂತೆ. ಮುದುಕಿ ಗದ್ದಲದ ನಡುವೆ ಮೈಮರೆತು ನಿಂತಾಳ. ಬುಟ್ಟಿಯೊಳಗ ಆಕಿ ಉಡುವ ಪತ್ತಲ ಅದ, ಅದರ ಮ್ಯಾಲೆ ಕಳ್ಳರ ಕಣ್ಣು. ಶರೀಫರು ಸಂತೆಯನ್ನು ಬೈಯಲಿಲ್ಲ. ಸಂತೆ ಇಲ್ಲದೆ ಉಪ್ಪು-ಮೆಣಸಿನಕಾಯಿ ಎಲ್ಲಿಂದ ಬರಬೇಕು? ನಿನ್ನ ಗಮನ ಎಲ್ಲಿ ಅದ ಅಂತಷ್ಟೇ ಕೇಳಿದರು. ಅವರ ಕಾಲಕ್ಕೆ ಹೊಸದಾಗಿ ಗಿರಣಿ ಬಂದಾಗಲೂ ಬಾಯಿ ಬಿಟ್ಟು ನೋಡುತ್ತಾ ನಿಲ್ಲದೆ, ಆ ಗಿರಣಿಯನ್ನೇ ತತ್ವಪದ ಮಾಡಿದರು. ನಮ್ಮ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನೂ ಏಕತಾರಿ ಹಿಡಿದು ಹಾಡುವವರು ಇಂದಿಗೂ ಇದ್ದಾರೆ.

2016ರಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗ ಆಯಿತು. ಅಂದಿನಿಂದ ಆ ಸಂತೆ ನಮ್ಮ ಕೈಯೊಳಗೇ ನೆರೆದದ. ಊರ ಸಂತೆ ವಾರಕ್ಕೊಮ್ಮೆ, ಹೊತ್ತು ಮುಳುಗಿದರೆ ಮುಗೀತು. ಈ ಸಂತೆ ರಾತ್ರಿ ಹನ್ನೆರಡಾದರೂ ಏಳೋದಿಲ್ಲ. ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಇನ್ನೊಂದು. ನಾವು ಎಷ್ಟು ಹೊತ್ತು ನೋಡುತ್ತೇವೋ ಅಷ್ಟು ಜಾಹೀರಾತು, ಅಷ್ಟು ಆ ಕಂಪನಿಗೆ ಲಾಭ. ನಿಲ್ಲಬಾರದು ಅಂತಲೇ ಅದನ್ನು ಕಟ್ಟಿದ್ದಾರೆ.

ಪದ ಹಾಗಲ್ಲ. ಪದಕ್ಕೊಂದು ಪಲ್ಲವಿ ಇರ್ತದ. ಎಲ್ಲಿಗೆ ಹೋದರೂ ಅದು ನಮ್ಮನ್ನು ಮೊದಲಿನ ಮಾತಿಗೇ ಕರಕೊಂಡು ಬರ್ತದ. ಬೀಸುವಾಗ ನಮ್ಮ ಅಜ್ಜಿಯರು ಹಾಡುತ್ತಿದ್ದ ಪದಗಳೂ ಹಾಗೇ. ಕಲ್ಲು ಸುತ್ತಿದಂಗ ಮಾತೂ ಸುತ್ತಿ ಬರ್ತಿತ್ತು, ಹೇಳಿಕೊಳ್ಳಲಾಗದ ದುಃಖವೂ ಅದರೊಳಗೇ ಹೊರಗೆ ಬರ್ತಿತ್ತು. ಹಿಟ್ಟಿನ ಗಿರಣಿ ಬಂತು, ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಒಳ್ಳೇದೇ ಆಯಿತು. ಆದರೆ ಆ ಪದಗಳು ಹೋದವು.

ಈಗ ಸಂಘದ ಮಾತಿಗೆ ಬರೋಣ. ನಡಾವಳಿ ಓದುವಾಗ ಅರ್ಧ ಮಂದಿಯ ಕಣ್ಣು ಮೊಬೈಲಿನಾಗ. ಆಮೇಲೆ ಸಹಿ. ಮೂರು ತಿಂಗಳ ನಂತರ ಕಂತು ನಿಂತಾಗ, "ನಮ್ಮೆಲ್ಲರ ಮ್ಯಾಲೆ ಹೊಣೆ ಅದ ಅಂತ ಗೊತ್ತೇ ಇರಲಿಲ್ಲ" ಅನ್ನೋದು. ಇನ್ನು ಮೊಬೈಲಿನಾಗೇ ಸಾಲ ಕೊಡ್ತೀವಿ ಅನ್ನುವ ಮೋಸದ ಆ್ಯಪ್‌ಗಳು. ಓದದೆ ಒತ್ತಿದರೆ ನಮ್ಮ ಫೋಟೋ, ನೆಂಟರ ನಂಬರು ಎಲ್ಲಾ ಅವರ ಪಾಲು. ಮುಂದೆ ಬೆದರಿಕೆ ಫೋನು ಶುರು. ಮುದುಕಿಯ ಪತ್ತಲಕ್ಕೆ ಕೈ ಹಾಕಿದವರು ಇವರೇ ಅಲ್ಲೇನು?

ಮೊಬೈಲು ಬಿಸಾಕ್ರಿ ಅಂತ ನಾವು ಹೇಳೋದಿಲ್ಲ. ಬೆಂಗಳೂರಿಗೆ ದುಡಿಯಲು ಹೋದ ಮಗನ ಮುಖ ಅದರಾಗೇ ಕಾಣ್ತದ. ಆದರೆ ಶರೀಫರು ಗಿರಣಿಗೆ ಪದ ಕಟ್ಟಿದಂಗ ನಾವು ಮೊಬೈಲಿಗೊಂದು ಪದ ಕಟ್ಟಬಾರದೇನು? ಬೈಯುವುದಕ್ಕಿಂತ ಪದ ಹೆಚ್ಚು ನಾಟ್ತದ, ಮಕ್ಕಳೂ ಕೇಳ್ತಾರ. ಸಭೆಗೆ ಬರುವ ಮೊದಲು ನಾವೇ ಕೂಡಿ ಒಂದು ಕಟ್ಟಿದ್ದೇವೆ, ನಗಬ್ಯಾಡ್ರಿ:

ಕೈಯಾಗ ಜಗವದ, ಕಣ್ಣಾಗ ಬೆಳಕದ
ಮಗ್ಗುಲ ಕೂಸು ಅತ್ತದ್ದು – ತಾಯವ್ವ
ಕಿವಿಗ್ಯಾಕ ಕೇಳಲಿಲ್ಲ?

ಮುಂದಿನ ವಾರ ಪ್ರತಿ ಸಂಘದವರೂ ಒಂದೊಂದು ಪದ ಕಟ್ಟಿಕೊಂಡು ಬರ್ರಿ. ಮನೆಯಲ್ಲಿ ಅಜ್ಜಿ ಇದ್ದರೆ ಆಕೆಯ ಬೀಸುವ ಪದವನ್ನೂ ನಡಾವಳಿ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದುಕೊಳ್ರಿ. ಈಗ ಫೋನುಗಳನ್ನು ಈ ಬುಟ್ಟಿಯೊಳಗೆ ಇಡೋಣ. ಅಕ್ಕಾ, ನಡಾವಳಿ ಓದ್ರಿ, ಸಾವಕಾಶ ಓದ್ರಿ.